ಪ್ಲಾಸ್ಟಿಕ್ ಟೈ, ಗಿಟ್ಟಿ, ಬೋಲ್ಟ್, ಕ್ಲಿಪ್: ಕಲಬುರಗಿ ಬಿಸಿಲಿಗೆ ಬಾಳುವಂತೆ ಆರಿಸೋದು, ಹಾಕೋದು ಹೇಗೆ

ಕಲಬುರಗಿಯಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಫಾಸ್ನರ್ ಕೊಡ್ರಿ" ಅಂದರೆ ಕಬ್ಬಿಣದ ಆಂಕರ್ ಬೋಲ್ಟ್ ತಂದು ಮುಂದಿಡುತ್ತಾರೆ. ಫಾಸ್ನರ್ ಅಂದರೆ ಒಂದು ವಸ್ತುವನ್ನು ಇನ್ನೊಂದಕ್ಕೆ ಹಿಡಿಸುವ, ಕಟ್ಟುವ ಸಾಮಾನು. ಪ್ಲಾಸ್ಟಿಕ್ಕಿನದು ಅಂದರೆ "ಗಿಟ್ಟಿ ಬೇಕೇನ್ರಿ, ಟೈ ಬೇಕೇನ್ರಿ?" ಅಂತ ಕೇಳುತ್ತಾರೆ. ಹೆಚ್ಚಿನವರಿಗೆ ಪ್ಲಾಸ್ಟಿಕ್ ಫಾಸ್ನರ್ ಅಂದರೆ ಈ ಎರಡೇ: ಗೋಡೆಯ ತೂತಿನಲ್ಲಿ ಸ್ಕ್ರೂ ಹಿಡಿಸುವ ಗಿಟ್ಟಿ, ವೈರ್ ಕಟ್ಟುವ ಟೈ. ಆದರೆ ನಿಮ್ಮ ಕಾರಿನ ಬಂಪರ್ ನಿಂತಿರೋದು ಪ್ಲಾಸ್ಟಿಕ್ ಕ್ಲಿಪ್ ಮೇಲೆ. ಕಂಟ್ರೋಲ್ ಪ್ಯಾನಲ್ ಒಳಗಿನ ಸರ್ಕ್ಯೂಟ್ ಬೋರ್ಡ್ ನಿಂತಿರೋದು ನೈಲಾನ್ ಸ್ಪೇಸರ್ ಮೇಲೆ. ಕೆಮಿಕಲ್ ಟ್ಯಾಂಕಿನ ಮುಚ್ಚಳಕ್ಕೆ ಎಷ್ಟೋ ಕಡೆ ಪ್ಲಾಸ್ಟಿಕ್ ನಟ್-ಬೋಲ್ಟೇ ಇರುತ್ತದೆ.

ನಾನು ದಾಲ್ ಮಿಲ್ಲುಗಳಲ್ಲಿ ವೈರಿಂಗ್, ಪ್ಯಾನಲ್, ಸಣ್ಣಪುಟ್ಟ ಮೆಂಟೆನೆನ್ಸ್ ಕೆಲಸ ಮಾಡುವವನು. ಈ ಸಾಮಾನಿನ ಬಗ್ಗೆ ಕಲಿತಿದ್ದೆಲ್ಲ ಕೈ ಸುಟ್ಟುಕೊಂಡೇ. ಕೆಲವು ವರ್ಷದ ಹಿಂದೆ ಒಂದು ಮಿಲ್ಲಿನ ತಗಡಿನ ಶೆಡ್ ಮೇಲೆ ಕ್ಯಾಮೆರಾ ವೈರ್ ಎಳೆದಿದ್ದೆ. ಹಾಲು ಬಣ್ಣದ ಸಾದಾ ಟೈ, 2 ಪ್ಯಾಕೆಟ್. ಮೊದಲ ಬೇಸಿಗೆ ಹೇಗೋ ದಾಟಿತು. ಎರಡನೇ ಬೇಸಿಗೆಯಲ್ಲಿ ಸಾವಕಾರರ ಫೋನ್ ಬಂತು: "ಏನ್ರೀ ಇದು, ನಿಮ್ಮ ಟೈ ಎಲ್ಲಾ ಹಪ್ಪಳ ಮುರಿದಂಗ ಮುರೀಲಕತ್ತಾವ. ವೈರ್ ಜೋತಾಡಲಕತ್ತದ." ಹೋಗಿ ನೋಡಿದರೆ ನಿಜ. ಒಂದು ಟೈ ಮುಟ್ಟಿದೆ, ಬೆರಳಲ್ಲೇ ಮೂರು ತುಂಡಾಯಿತು. ತಪ್ಪು ಟೈದಲ್ಲ, ನನ್ನದು. ಪ್ಯಾನಲ್ ಒಳಗೆ ಹಾಕುವ ಸಾಮಾನನ್ನು ಬಿಸಿಲಿಗೆ ಹಾಕಿದ್ದೆ.

ಹಾಗಾಗಿ ಈ ಬರಹದ ಉದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇದು ಎಲ್ಲಿ ಕೂರುತ್ತದೆ?

ಹೆಜ್ಜೆ 1: ಮೊದಲು ಜಾಗ ನೋಡಿ, ಸೈಜ್ ಆಮೇಲೆ

ಅಂಗಡಿಗೆ ಹೋಗುವ ಮೊದಲು ಫಾಸ್ನರ್ ಕೂರುವ ಜಾಗದ ಹತ್ತಿರ ಐದು ನಿಮಿಷ ಸುಮ್ನೆ ನಿಂತುಕೊಳ್ಳಿ. ಬಿಸಿಲು ನೇರ ಬೀಳುತ್ತದಾ? ಪಕ್ಕದಲ್ಲಿ ಮೋಟರ್, ಬಾಯ್ಲರ್, ಹೀಟರ್ ಏನಾದರೂ ಇದೆಯಾ? ಆಸಿಡ್ ಹಾಕಿ ನೆಲ ತೊಳೆಯುತ್ತಾರಾ? ಮಷಿನ್ ನಡುಗುತ್ತದಾ? ಕೆಳಗೆ ತಿನ್ನುವ ಮಾಲು ಹಾದು ಹೋಗುತ್ತದಾ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಮ್ಮ ಊರಲ್ಲಿ ಅದೇ ಮುಖ್ಯ, ಅದನ್ನು ಕಡೆಗೆ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ ಇದೆ: ಇದು ಕಿತ್ತು ಬಂದರೆ ಏನಾಗುತ್ತದೆ? ವೈರ್ ಜೋತು ಬೀಳುತ್ತದೆ, ಅಷ್ಟೇ ಅನ್ನೋದಾದರೆ ಪ್ಲಾಸ್ಟಿಕ್ ಹಾಕಿ. ಯಾರದಾದರೂ ತಲೆ ಮೇಲೆ ಬೀಳುತ್ತದೆ, ಕೈ ಬೆಲ್ಟಿಗೆ ಸಿಗುತ್ತದೆ ಅನ್ನೋ ಜಾಗ ಆದರೆ ಹಾಕಲೇಬೇಡಿ. ಬೆಲ್ಟ್ ಗಾರ್ಡ್, ಸೀಲಿಂಗ್ ಫ್ಯಾನ್, ಮೇಲಿನಿಂದ ತೂಗುವ ಭಾರ, ಏಣಿ, ಇವಕ್ಕೆಲ್ಲ ಕಬ್ಬಿಣವೇ. ಬೆಲ್ಟ್ ಗಾರ್ಡನ್ನು ಟೈ ಹಾಕಿ ಕಟ್ಟಿದ್ದನ್ನು ನಾನು ಒಂದಲ್ಲ, ನಾಲ್ಕು ಕಡೆ ನೋಡಿದ್ದೇನೆ. ನಾಳೆ ಬೋಲ್ಟ್ ಹಾಕ್ತೀವಿ ಅಂತ ಕಟ್ಟಿರುತ್ತಾರೆ, ಆ ನಾಳೆ ಬರುವುದೇ ಇಲ್ಲ.

ಹೆಜ್ಜೆ 2: ಯಾವ ಪ್ಲಾಸ್ಟಿಕ್ ಅಂತ ತಿಳಿದುಕೊಳ್ಳಿ

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಕೇಬಲ್ ಟೈ ಹೆಚ್ಚಾಗಿ ನೈಲಾನ್ 66ರಲ್ಲಿ ಮಾಡಿರುತ್ತಾರೆ. ಅದು ಕರಗೋದು ಸುಮಾರು 260 ಡಿಗ್ರಿಗೆ. ಆದರೆ ದಿನಾ ಕೆಲಸಕ್ಕೆ 85 ಡಿಗ್ರಿಯೇ ಗಡಿ, ಪ್ಯಾಕೆಟ್ ಮೇಲೂ ಅದನ್ನೇ ಬರೆದಿರುತ್ತಾರೆ. ಎಣ್ಣೆ, ಗ್ರೀಸ್, ಸುಣ್ಣ, ಸಿಮೆಂಟ್ ಧೂಳಿಗೆ ನೈಲಾನ್ ಹೆದರುವುದಿಲ್ಲ. ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರಿಗೆ ಇದು ಒಳ್ಳೆ ಸುದ್ದಿ. ನೈಲಾನಿನ ಶತ್ರು ಆಸಿಡ್. ಇನ್ವರ್ಟರ್ ಬ್ಯಾಟರಿ ಪಕ್ಕ, ಅಥವಾ ಆಸಿಡ್ ಹೊಗೆ ಏಳುವ ಕಡೆ ಅದು ನಿಧಾನಕ್ಕೆ ಸಾಯುತ್ತದೆ.

ಅಂಥ ಕಡೆಗೆ ಪಾಲಿಪ್ರೊಪಿಲೀನ್. ಅಂಗಡಿಯಲ್ಲಿ ಪಿಪಿ ಅಂದರೆ ಸಾಕು. ಆಸಿಡ್ಡಿಗೂ ಜಗ್ಗುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಆದರೆ ನೈಲಾನಿನಷ್ಟು ಬಲ ಇಲ್ಲ, ಬಿಸಿಗೂ ಬೇಗ ಮೆತ್ತಗಾಗುತ್ತದೆ. ಅದಕ್ಕಿಂತ ಮೇಲಿನದು ಪಿವಿಡಿಎಫ್, ಅದರ ಮೇಲೆ ನಾವು ಟೆಫ್ಲಾನ್ ಅನ್ನೋ ಪಿಟಿಎಫ್ಇ. ಟೆಫ್ಲಾನ್ 260 ಡಿಗ್ರಿವರೆಗೂ ತಡೆಯುತ್ತದೆ, ಬಹುಪಾಲು ಯಾವ ಕೆಮಿಕಲ್ಲೂ ಅದನ್ನು ಮುಟ್ಟುವುದಿಲ್ಲ. ಆದರೆ ಮೆತ್ತಗಿನ ಮಾಲು, ಬಿಗಿದರೆ ಹಿಗ್ಗುತ್ತದೆ, ದರವೂ ಜಾಸ್ತಿ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಹಾಗೆ ಕೆಮಿಕಲ್, ಔಷಧ ಕಂಪನಿಗಳು ಇರುವ ಕಡೆ ಕೆಲಸ ಹಿಡಿದರೆ ಈ ಎರಡರ ಹೆಸರು ಕಿವಿಗೆ ಬೀಳುತ್ತದೆ. ಅಲ್ಲಿ ನಿಮ್ಮ ಊಹೆ ಬೇಡ, ಯಾವ ಕೆಮಿಕಲ್, ಎಷ್ಟು ಬಿಸಿ ಅಂತ ಅವರ ಎಂಜಿನಿಯರ್ ಹತ್ತಿರ ಬರೆಸಿಕೊಂಡು ತನ್ನಿ.

ಕೈಯಲ್ಲಿ ಇರೋದು ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗದಿದ್ದರೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಲೋಟ ತಗೊಳ್ಳಿ. ಒಂದರಲ್ಲಿ ಸಾದಾ ನೀರು. ಇನ್ನೊಂದರಲ್ಲಿ ಉಪ್ಪು ಹಾಕಿ ಕದಡುತ್ತಾ ಹೋಗಿ, ಇನ್ನು ಕರಗಲ್ಲ ಅಂತ ಉಪ್ಪು ತಳದಲ್ಲಿ ಕೂರುವವರೆಗೆ. ಫಾಸ್ನರಿನ ಸಣ್ಣ ತುಂಡು ಸಾದಾ ನೀರಿಗೆ ಹಾಕಿ, ಮೇಲೆ ಅಂಟಿದ ಗಾಳಿ ಗುಳ್ಳೆ ಹೋಗುವಂತೆ ಬೆರಳಲ್ಲಿ ಒತ್ತಿ. ತೇಲಿದರೆ ಪಿಪಿ, ಅಥವಾ ಅದರ ತಮ್ಮ ಪಾಲಿಥಿನ್. ಮುಳುಗಿದರೆ ಉಪ್ಪು ನೀರಿಗೆ ಹಾಕಿ. ಅಲ್ಲಿ ತೇಲಿದರೆ ನೈಲಾನ್ ಇರಬಹುದು, ಯಾಕೆಂದರೆ ನೈಲಾನಿನ ಸಾಂದ್ರತೆ 1.14, ಪೂರ್ತಿ ಉಪ್ಪು ಕುಡಿದ ನೀರಿನದು ಸುಮಾರು 1.2. ಅಲ್ಲೂ ಮುಳುಗಿದರೆ ಪಿವಿಸಿ, ಅಸಿಟಾಲ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ಟೆಫ್ಲಾನ್, ಇಲ್ಲವೇ ಗಾಜಿನ ನಾರು ಬೆರೆಸಿದ ನೈಲಾನ್. ಸುಟ್ಟು ವಾಸನೆ ನೋಡುವ ಪರೀಕ್ಷೆ ಕೆಲವರು ಹೇಳುತ್ತಾರೆ. ಬೇಡ. ಅಸಿಟಾಲ್, ಪಿವಿಸಿ, ಟೆಫ್ಲಾನ್ ಹೊಗೆ ವಿಷ.

ಹೆಜ್ಜೆ 3: ಕೇಬಲ್ ಟೈ

ಟೈ ಬಗ್ಗೆ ಸ್ವಲ್ಪ ಉದ್ದವೇ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಬಳಸೋದು ಇದನ್ನೇ, ಕೆಡಿಸೋದೂ ಇದನ್ನೇ. ಕೆಲವರು ಟ್ಯಾಗ್ ಅಂತಲೂ ಕರೆಯುತ್ತಾರೆ. ಇದು ಹುಟ್ಟಿದ್ದು ವಿಮಾನದ ವೈರ್ ಕಟ್ಟಲಿಕ್ಕೆ. ಅಮೆರಿಕದ ಥಾಮಸ್ ಆ್ಯಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಅನ್ನುವವರು ವಿಮಾನ ಕಾರ್ಖಾನೆಯಲ್ಲಿ ಕೆಲಸಗಾರರು ಮೇಣದ ದಾರದಿಂದ ವೈರ್ ಕಟ್ಟಿ ಕಟ್ಟಿ ಬೆರಳು ಕುಯ್ದುಕೊಳ್ಳುವುದನ್ನು ನೋಡಿ ಇದನ್ನು ಕಂಡುಹಿಡಿದರು. 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು.

ಅಗಲ ನೋಡಿ ತಗೊಳ್ಳಿ, ಬರೀ ಉದ್ದ ನೋಡಿ ಅಲ್ಲ. ಬಲ ಇರೋದು ಅಗಲದಲ್ಲಿ. ಒಳ್ಳೆ ನೈಲಾನಿನ 2.5 ಮಿ.ಮೀ. ಅಗಲದ ಟೈ ಸುಮಾರು 8 ಕೆ.ಜಿ. ತಡೆಯುತ್ತದೆ, 3.6 ಆದರೆ 18, 4.8 ಆದರೆ 22, 7.6 ಆದರೆ 54 ಕೆ.ಜಿ. ಆಸುಪಾಸು. ಇದು ಒಮ್ಮೆ ಎಳೆದಾಗ ಹರಿಯುವ ಲೆಕ್ಕ, ವರ್ಷಗಟ್ಟಲೆ ಹೊರುವ ಲೆಕ್ಕ ಅಲ್ಲ. ಪ್ಲಾಸ್ಟಿಕ್ ಭಾರ ಹೊತ್ತುಕೊಂಡೇ ಇದ್ದರೆ ಒಂದೊಂದು ಕೂದಲೆಳೆಯಷ್ಟು ಹಿಗ್ಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಾನು ಬರೆದ ತೂಕದ ಕಾಲು ಭಾಗಕ್ಕಿಂತ ಹೆಚ್ಚು ಹೊರಿಸುವುದಿಲ್ಲ.

ಅಂಗಡಿಯ ಮಾಲು ಹೇಗಿದೆ ಅಂತ ತಿಳಿಯಲು 20 ಲೀಟರ್ ನೀರಿನ ಕ್ಯಾನ್ ಸಾಕು. 4.8 ಮಿ.ಮೀ. ಟೈಯನ್ನು ಕ್ಯಾನಿನ ಹಿಡಿಕೆಗೂ ಏಣಿಯ ಮೆಟ್ಟಿಲಿಗೂ ಸೇರಿಸಿ ಉಂಗುರ ಮಾಡಿ, ನೆಲದಿಂದ ನಾಲ್ಕು ಬೆರಳು ಮೇಲೆ ಮೆಲ್ಲಗೆ ತೂಗಿಬಿಡಿ, ಕಾಲು ದೂರ ಇಟ್ಟುಕೊಳ್ಳಿ. ಒಳ್ಳೆ ಟೈ ಹಿಡಿಯುತ್ತದೆ. ಕೆಟ್ಟದ್ದು ಹರಿಯುವುದಿಲ್ಲ, ತಲೆಯಲ್ಲಿ ಹಲ್ಲು ಜಾರಿ ಟರ್‍ರ್ ಅಂತ ಬಿಚ್ಚಿಕೊಳ್ಳುತ್ತದೆ. ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಟೈಗಳಲ್ಲಿ ಈ ಹಲ್ಲೇ ಮೊದಲು ಕೈ ಕೊಡೋದು.

ಇನ್ನು ಬಣ್ಣ. ಬಿಸಿಲಿಗೆ ಹಾಕುವುದಾದರೆ ಕಪ್ಪು ಟೈ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಬಿಸಿಲಿನ ನೇರಳಾತೀತ ಕಿರಣ ನೈಲಾನನ್ನು ಕಡಿಯುತ್ತದೆ, ಅದನ್ನು ತಡೆಯೋದು ಮಾಲಿನಲ್ಲಿ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಪುಡಿ, ಸುಮಾರು 2 ಶೇಕಡಾ. ಬರೀ ಕಪ್ಪು ಬಣ್ಣ ಹಾಕಿದ ಟೈಯೂ ಪೇಟೆಯಲ್ಲಿ ಇದೆ. ಪ್ಯಾಕೆಟ್ ಮೇಲೆ ಯುವಿ ಅಂತ ಬರೆದಿದೆಯಾ ನೋಡಿ. ಸೋಲಾರ್ ಪ್ಯಾನಲ್ ಕೆಳಗಿನ ಕೇಬಲ್ ಆದರೆ ಇನ್ನೂ ಮೇಲಿನ ಸಾಮಾನು ಬೇಕು: ನೈಲಾನ್ 12ರ ಟೈ, ಅಥವಾ ಮೇಲೆ ಪ್ಲಾಸ್ಟಿಕ್ ಲೇಪ ಇರುವ ಸ್ಟೀಲ್ ಟೈ. ಪ್ಯಾನಲ್ ಇಪ್ಪತ್ತು ಚಿಲ್ಲರೆ ವರ್ಷ ಇರುತ್ತದೆ, ಅದರ ಕೆಳಗೆ ರೂಪಾಯಿ ಟೈ ಹಾಕಿ ಪ್ರತಿ ಎರಡು ವರ್ಷಕ್ಕೆ ಮಾಳಿಗೆ ಹತ್ತೋದು ಯಾರಿಗೆ ಬೇಕು ಹೇಳಿ.

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಮಾತು ಒಂದಿದೆ. ನೈಲಾನ್ ನೀರು ಕುಡಿಯುವ ಪ್ಲಾಸ್ಟಿಕ್. ಒಳಗೆ ಸ್ವಲ್ಪ ತೇವ ಇದ್ದರೇ ಅದು ಬಾಗುತ್ತದೆ, ಒಣಗಿದರೆ ಕಟಕ್ ಅನ್ನುತ್ತದೆ. ಕಂಪನಿಯವರು ಅದಕ್ಕೇ ತೇವ ಉಳಿಯುವಂತೆ ಬಿಗಿ ಕವರಿನಲ್ಲಿ ಕೊಡೋದು. ನಾವೇನು ಮಾಡುತ್ತೇವೆ? ಕವರ್ ಹರಿದು ಅರ್ಧ ಬಳಸಿ ಉಳಿದದ್ದನ್ನು ಟೂಲ್ ಡಬ್ಬಿಯಲ್ಲಿ ಎಸೆಯುತ್ತೇವೆ. ಡಬ್ಬಿ ಗಾಡಿಯಲ್ಲಿ, ಗಾಡಿ ಬಿಸಿಲಲ್ಲಿ. ಏಪ್ರಿಲ್, ಮೇ ತಿಂಗಳು, ಪಾರಾ 42 ದಾಟಿರುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಹದಿನೈದು ದಿನ ಬಿಟ್ಟು ತೆಗೆದರೆ ಟೈ ಬಗ್ಗಿಸುವಾಗಲೇ ಮುರಿಯುತ್ತದೆ, ಆಮೇಲೆ ಅಂಗಡಿಯವನಿಗೆ ಬೈಗುಳ.

ಪರಿಹಾರ ಸುಲಭ. ಟೈಗಳನ್ನು ಜಿಪ್ ಕವರಿಗೆ ಹಾಕಿ, ಜೊತೆಗೆ ಒದ್ದೆ ಮಾಡಿ ಹಿಂಡಿದ ಬಟ್ಟೆ ತುಂಡು ಇಟ್ಟು, ಬಾಯಿ ಮುಚ್ಚಿ ನೆರಳಲ್ಲಿ ಎರಡು ದಿನ ಬಿಡಿ. ಮತ್ತೆ ಮೆತ್ತಗೆ ಬಾಗುತ್ತದೆ. ಇದು ಒಣಗಿದ ಟೈಗೆ ಮಾತ್ರ. ಬಿಸಿಲಿಗೆ ಸತ್ತ ಟೈಗೆ ಗಂಗೆಯಲ್ಲಿ ಮುಳುಗಿಸಿದರೂ ಜೀವ ಬರುವುದಿಲ್ಲ. ಮೇಲ್ಮೈ ಸೀಮೆಸುಣ್ಣದಂತೆ ಬಿಳಿಚಿದ್ದರೆ, ಸಣ್ಣ ಬಿರುಕು ಕಂಡರೆ ಎಸೆಯಿರಿ.

ಈಗ ಹಾಕುವ ಕೆಲಸ. ವೈರುಗಳನ್ನು ಜಡೆ ಹೆಣೆಯದೆ ಸಾಲಾಗಿ ಜೋಡಿಸಿ. ಟೈಯ ಹಲ್ಲಿರುವ ಮುಖ ಒಳಗೆ, ವೈರ್ ಕಡೆ ಬರಬೇಕು. ಕೈಯಲ್ಲಿ ಎಳೆಯಿರಿ. ವೈರ್ ಜಾರದಷ್ಟು ಸಾಕು, ವೈರಿನ ಮೈಮೇಲೆ ಗಾಯ ಬೀಳುವಷ್ಟು ಬೇಡ. ಪಕ್ಕಡ್ (ಪ್ಲೈಯರ್) ಹಾಕಿ ಎಳೆಯುವುದು ನಮ್ಮ ಹುಡುಗರ ಹಳೇ ಚಾಳಿ. ಪಕ್ಕಡ್ ಹಿಡಿದ ಜಾಗದಲ್ಲಿ ಟೈಗೆ ಕಚ್ಚಿದ ಗುರುತು ಬೀಳುತ್ತದೆ, ಅಲ್ಲಿಂದಲೇ ಅದು ಹರಿಯುತ್ತದೆ. ದಿನಕ್ಕೆ ನೂರಾರು ಟೈ ಹಾಕುವವರು ಟೆನ್ಷನ್ ಗನ್ ತಗೊಳ್ಳಿ. ಎಷ್ಟು ಬಿಗಿ ಅಂತ ಒಮ್ಮೆ ಇಟ್ಟರೆ ಅಷ್ಟಕ್ಕೆ ತಾನೇ ಕತ್ತರಿಸುತ್ತದೆ. ಅಡ್ಡ ಹೋಗುವ ಕೇಬಲ್ಲಿಗೆ ನಾನು ಗೇಣಿಗೊಂದು ಹಾಕುತ್ತೇನೆ, ತಿರುವಿನ ಎರಡೂ ಕಡೆ ಒಂದೊಂದು ಹೆಚ್ಚಿಗೆ. ತಗಡಿನ ಅಂಚು, ಆ್ಯಂಗಲ್ಲಿನ ಚೂಪು ತುದಿ ಟೈಗೆ ತಾಗುತ್ತಿದ್ದರೆ ಮಧ್ಯೆ ರಬ್ಬರ್ ತುಂಡು ಇಡಿ, ಗಾಳಿಗೆ ಉಜ್ಜಿ ಉಜ್ಜಿ ಕತ್ತರಿ ಹಾಕಿದ ಹಾಗೆ ಕಡಿಯುತ್ತದೆ.

ಬಿಗಿದ ಮೇಲೆ ಹೊರಗೆ ಉಳಿಯುವ ಬಾಲ ಕತ್ತರಿಸಲು ಚಪ್ಪಟೆ ಬಾಯಿಯ ನಿಪ್ಪರ್ ಬೇಕು, ತಲೆಗೆ ಸಮ ಆಗುವಂತೆ. ಓರೆಯಾಗಿ ಕತ್ತರಿಸಿದ ತುದಿ ಬ್ಲೇಡಿನಷ್ಟೇ ಚೂಪು. ಪ್ಯಾನಲ್ ಒಳಗೆ ಕೈ ಹಾಕಿದವರ ಮುಂಗೈ ನೋಡಿ, ಬೆಕ್ಕು ಪರಚಿದ ಹಾಗೆ ಗೀರು. ಕತ್ತರಿಸಿದ ಮೇಲೆ ಹಳೇ ಬನಿಯನ್ ಬಟ್ಟೆ ಒಂದ್ಸಲ ಎಳೆದು ನೋಡುತ್ತೇನೆ. ದಾರ ಸಿಕ್ಕಿದ ಕಡೆ ಮತ್ತೆ ಕತ್ತರಿಸುವುದು.

ಬಿಸಿ ಜಾಗ, ಅಂದರೆ ಮೋಟರ್ ಮೈಗೆ ತಾಗುವ ಕಡೆ, 105 ಡಿಗ್ರಿ ತಡೆಯುವ ಹೀಟ್ ಸ್ಟೆಬಿಲೈಸ್ಡ್ ಟೈ ಅಂತ ಸಿಗುತ್ತದೆ. ಬಾಯ್ಲರ್, ಸ್ಟೀಮ್ ಪೈಪ್ ಹತ್ತಿರ ಯಾವ ನೈಲಾನೂ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಟೈ ಹಾಕಿ. ನೆಟ್‌ವರ್ಕ್ ಕೇಬಲ್ಲಿಗೆ ಟೈ ಹಾಕಿ ಹಿಸುಕಬೇಡಿ, ಒಳಗಿನ ಜೋಡಿ ವೈರ್ ಆಕಾರ ಕೆಟ್ಟು ಸಿಗ್ನಲ್ ಕೆಡುತ್ತದೆ. ಅಲ್ಲಿಗೆ ವೆಲ್ಕ್ರೋ ಪಟ್ಟಿ ಸರಿ, ಬಿಚ್ಚಿ ಮತ್ತೆ ಹಾಕಲೂ ಬರುತ್ತದೆ.

ಹೆಜ್ಜೆ 4: ಗಿಟ್ಟಿ

ಗೋಡೆಗೆ ಸ್ಕ್ರೂ ಹಿಡಿಸುವ ಪ್ಲಾಸ್ಟಿಕ್ ಕೊಳವೆ. ರಾವಲ್ ಪ್ಲಗ್ ಅಂತ ಕೇಳಿರುತ್ತೀರಿ, ಅದು ಜಾನ್ ರಾಲಿಂಗ್ಸ್ ಅನ್ನುವ ಇಂಗ್ಲಿಷರವನ ಹೆಸರಿನಿಂದ ಬಂದದ್ದು. 1911ರ ಸುಮಾರಿನ ಅವನ ಪ್ಲಗ್ ಪ್ಲಾಸ್ಟಿಕ್ಕಿನದಲ್ಲ, ಸೆಣಬಿನ ನಾರು ಮತ್ತು ಪ್ರಾಣಿ ರಕ್ತದ ಅಂಟಿನಿಂದ ಮಾಡಿದ್ದು. ಈಗಿನ ನೈಲಾನ್ ಗಿಟ್ಟಿ ಜರ್ಮನಿಯ ಆರ್ಟರ್ ಫಿಶರ್ ಅವರದು, ಅದೂ 1958ರದ್ದೇ. ಟೈ, ಗಿಟ್ಟಿ ಎರಡೂ ಒಂದೇ ವರ್ಷದ ಕೂಸುಗಳು.

ಅದು ಹಿಡಿಯುವುದು ಹಿಗ್ಗುವುದರಿಂದ. ಸ್ಕ್ರೂ ಒಳಗೆ ಹೋದಂತೆ ಗಿಟ್ಟಿ ಉಬ್ಬಿ ತೂತಿನ ಗೋಡೆಯನ್ನು ಒತ್ತುತ್ತದೆ. ತೂತು ದೊಡ್ಡದಾದರೆ ಮುಗಿಯಿತು. 6ರ ಗಿಟ್ಟಿಗೆ 6 ಮಿ.ಮೀ. ಬಿಟ್, ಸ್ಕ್ರೂ 4ರಿಂದ 5 ಮಿ.ಮೀ. ದಪ್ಪ. 8ರ ಗಿಟ್ಟಿಗೆ 8ರ ಬಿಟ್, ಸ್ಕ್ರೂ 4.5ರಿಂದ 6. ತೂತಿನ ಆಳ ಗಿಟ್ಟಿಗಿಂತ ಒಂದು ಬೆರಳು ಜಾಸ್ತಿ ಇರಲಿ. ಸ್ಕ್ರೂ ಉದ್ದದ ಲೆಕ್ಕ: ಗಿಟ್ಟಿಯ ಉದ್ದ, ಅದಕ್ಕೆ ನೀವು ಹಿಡಿಸುವ ವಸ್ತುವಿನ ದಪ್ಪ, ಅದಕ್ಕೆ ಸ್ಕ್ರೂವಿನ ದಪ್ಪ ಸೇರಿಸಿ. ಗಿಲಾಯಿ, ಅಂದರೆ ಗೋಡೆಯ ಪ್ಲಾಸ್ಟರ್, ಲೆಕ್ಕಕ್ಕೆ ಇಲ್ಲ, ಅದು ಪುಡಿ. ಗಿಟ್ಟಿ ಗಿಲಾಯಿ ದಾಟಿ ಇಟ್ಟಿಗೆ ಅಥವಾ ಕಲ್ಲಿನ ಒಳಗೆ ಪೂರ್ತಿ ಕೂರಬೇಕು, ಗಿಲಾಯಿ ಎಷ್ಟು ದಪ್ಪ ಇದೆಯೋ ಸ್ಕ್ರೂವೂ ಅಷ್ಟು ಉದ್ದ ಬೇಕು.

ನಮ್ಮ ಜಿಲ್ಲೆಗಳಲ್ಲಿ ಗೋಡೆಯ ಕಥೆಯೇ ಬೇರೆ ಬೇರೆ. ಬೀದರ್ ಕಡೆ ಕೆಂಪು ಮುರಕಲ್ಲು, ಕೋಟೆಯನ್ನೂ ಅದರಲ್ಲೇ ಕಟ್ಟಿದ್ದಾರಲ್ಲ, ಅದರಲ್ಲಿ ಹುಟ್ಟುತ್ತಲೇ ತೂತು. ಡ್ರಿಲ್ಲನ್ನು ಹ್ಯಾಮರ್ ಮೋಡಿಗೆ ಹಾಕಿದರೆ ತೂತು ಬಾವಿಯಾಗುತ್ತದೆ. ಸುತ್ತುವ ಮೋಡಿನಲ್ಲೇ ಕೊರೆಯಿರಿ, ಉದ್ದನೆ ಗಿಟ್ಟಿ ಹಾಕಿ. ಕಲಬುರಗಿಯ ಹಳೇ ಮನೆ, ಗೋದಾಮುಗಳಲ್ಲಿ ಶಹಾಬಾದ್ ಕಲ್ಲಿನ ಚಪ್ಪಡಿ. ಗಟ್ಟಿ ಕಲ್ಲು, ಆದರೆ ತೆಳು, ಪದರ ಪದರ. ಅಂಚಿನಿಂದ ನಾಲ್ಕು ಬೆರಳು ಒಳಗೆ, ಹ್ಯಾಮರ್ ಇಲ್ಲದೆ, ಮೊದಲು 4ರ ಬಿಟ್, ಆಮೇಲೆ 6. ಅವಸರ ಮಾಡಿದರೆ ಚಪ್ಪಡಿ ಟಪ್ ಅಂತ ಸೀಳುತ್ತದೆ. ಕಾಂಕ್ರೀಟ್ ಆದರೆ ಮಾತ್ರ ಹ್ಯಾಮರ್. ಪೊಳ್ಳು ಬ್ಲಾಕ್ ಗೋಡೆಗೆ ಸಾದಾ ಗಿಟ್ಟಿ ಹಿಡಿಯುವುದಿಲ್ಲ, ಒಳಗೆ ಹೋಗಿ ಗಂಟು ಹಾಕಿಕೊಳ್ಳುವ ಬೇರೆ ಜಾತಿಯ ಗಿಟ್ಟಿ ಕೇಳಿ.

ಕೊರೆದ ಮೇಲೆ ತೂತಿನ ಪುಡಿ ಹೊರಗೆ ಬರಬೇಕು. ಊದುವಾಗ ಕಣ್ಣು ಮುಚ್ಚಿ, ಇಲ್ಲದಿದ್ದರೆ ಪಂಪ್ ಬಳಸಿ. ಗಿಟ್ಟಿ ಹೆಬ್ಬೆರಳ ಒತ್ತಿಗೆ ಅರ್ಧ ಹೋಗಿ ಉಳಿದರ್ಧ ಸುತ್ತಿಗೆಯ ನಾಲ್ಕು ಮೆಲು ಏಟಿಗೆ ಹೋದರೆ ತೂತು ಸರಿ ಇದೆ. ಹೆಬ್ಬೆರಳಿಗೇ ಪೂರ್ತಿ ಸರ್‍ರ್ ಅಂತ ಹೋದರೆ ಸಡಿಲ. ಆಗ ಬೆಂಕಿಕಡ್ಡಿ ತುರುಕುವುದು ನಮ್ಮೆಲ್ಲರ ಪಾಪ. ದೊಡ್ಡ ಸೈಜಿನ ಗಿಟ್ಟಿಗೆ ತೂತು ದೊಡ್ಡದು ಮಾಡೋದೇ ಸರಿ ದಾರಿ.

ಹೆಜ್ಜೆ 5: ನೈಲಾನ್ ಬೋಲ್ಟ್, ನಟ್, ವಾಷರ್

ಸಾಮಾನ್ಯ 4.6 ದರ್ಜೆಯ ಕಬ್ಬಿಣದ ಬೋಲ್ಟಿನ ಎಳೆತದ ಬಲ 400 ಮೆಗಾಪ್ಯಾಸ್ಕಲ್. ನೈಲಾನಿನದು 60ರಿಂದ 80. ಅಂದರೆ ಐದು, ಆರು ಪಾಲಿಗೆ ಒಂದು ಪಾಲು. ಹಾಗಾದರೆ ಯಾಕೆ ಬೇಕು? ಕರೆಂಟ್ ಹರಿಯಲ್ಲ, ತುಕ್ಕು ಹಿಡಿಯಲ್ಲ, ತೂಕ ಕಬ್ಬಿಣದ ಏಳನೇ ಒಂದು ಪಾಲು. ಸರ್ಕ್ಯೂಟ್ ಬೋರ್ಡ್ ನಿಲ್ಲಿಸಲು, ಪ್ಯಾನಲ್ ಒಳಗೆ ಕರೆಂಟ್ ಇರುವ ಪಟ್ಟಿಗೆ ಅಡ್ಡ ಅಕ್ರಿಲಿಕ್ ಹಾಳೆ ಹಿಡಿಸಲು, ನೀರಿನ ಟ್ಯಾಂಕಿನ ಒಳಗೆ, ಇಂಥ ಕಡೆ ಇದಕ್ಕೆ ಸಾಟಿ ಇಲ್ಲ. ಅಲ್ಯುಮಿನಿಯಂ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ಹಾಕುವಾಗ ಮಧ್ಯೆ ನೈಲಾನ್ ವಾಷರ್ ಇಟ್ಟರೆ ಎರಡು ಲೋಹ ಮುಟ್ಟುವುದಿಲ್ಲ, ಮಳೆಗಾಲದಲ್ಲಿ ಅಲ್ಯುಮಿನಿಯಂ ತಿಂದುಹೋಗುವುದಿಲ್ಲ. ಬೋಲ್ಟಿನ ಮೈ ತೂತಿನ ಅಂಚಿಗೂ ತಾಗಬಾರದು, ಅದಕ್ಕೆ ಕಾಲರ್ ಇರುವ ವಾಷರ್ ಕೇಳಿ.

ಬಿಗಿಯಲು ಪಾನಾ (ಸ್ಪ್ಯಾನರ್) ಬೇಡ. ಬೆರಳಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು. ಪಾನಾ ಹಾಕಿದರೆ ತಲೆ ಮುರಿದು ಮೈ ಒಳಗೇ ಉಳಿಯುತ್ತದೆ, ಅದನ್ನು ತೆಗೆಯುವಷ್ಟರಲ್ಲಿ ಸಂಜೆಯಾಗುತ್ತದೆ. ಮರುದಿನ ಬಂದು ಒಮ್ಮೆ ಮುಟ್ಟಿ ನೋಡಿ. ಪ್ಲಾಸ್ಟಿಕ್ ಒಂದು ರಾತ್ರಿಯಲ್ಲಿ ಸ್ವಲ್ಪ ಕುಸಿದಿರುತ್ತದೆ, ಮತ್ತೆ ಬೆರಳಲ್ಲಿ ಬಿಗಿ ಮಾಡಿದರೆ ಆಯಿತು. ಇನ್ನೊಂದು, ಬಿಸಿಗೆ ನೈಲಾನ್ ಕಬ್ಬಿಣಕ್ಕಿಂತ ಏಳೆಂಟು ಪಟ್ಟು ಹಿಗ್ಗುತ್ತದೆ. ಜನವರಿಯ ರಾತ್ರಿ ಬಿಗಿಯಾದದ್ದು ಮೇ ಮಧ್ಯಾಹ್ನ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ.

ನಡುಗುವ ಮಷಿನಿಗೆ, ಅಂದರೆ ಜರಡಿಯಂಥದ್ದಕ್ಕೆ, ಪೂರ್ತಿ ಪ್ಲಾಸ್ಟಿಕ್ ಬೇಡ. ನೈಲಾಕ್ ನಟ್ ಹಾಕಿ. ಅದು ಕಬ್ಬಿಣದ ನಟ್, ಮೇಲ್ಭಾಗದಲ್ಲಿ ಮಾತ್ರ ನೈಲಾನ್ ಉಂಗುರ. ಬೋಲ್ಟಿನ ಮರೆ, ಅಂದರೆ ಥ್ರೆಡ್, ಆ ಉಂಗುರವನ್ನು ಕೊರೆದುಕೊಂಡು ಹೋಗಿ ಕಚ್ಚಿ ಕೂರುತ್ತದೆ. ಉಂಗುರ ದಾಟಿ ಎರಡು ಮರೆ ಹೊರಗೆ ಕಾಣಬೇಕು, ಇಲ್ಲದಿದ್ದರೆ ಅದು ಬರೀ ಸಾದಾ ನಟ್. ಒಮ್ಮೆ ಬಿಚ್ಚಿದ ನೈಲಾಕ್ ಬೆರಳಲ್ಲೇ ಸುತ್ತುತ್ತಿದ್ದರೆ ಗುಜರಿಗೆ ಹಾಕಿ. 120 ಡಿಗ್ರಿ ಮೇಲೆ ಇದೂ ನಿಲ್ಲುವುದಿಲ್ಲ.

ಹೆಜ್ಜೆ 6: ಒತ್ತು ಕ್ಲಿಪ್

ಕಾರ್, ಟ್ರ್ಯಾಕ್ಟರ್, ಲಾರಿ ಕ್ಯಾಬಿನ್, ಎಲ್ಲದರಲ್ಲೂ ತಗಡಿಗೆ ಪ್ಲಾಸ್ಟಿಕ್ ಭಾಗ ಹಿಡಿಸಲು ಇವೇ. ಎರಡು ಜಾತಿ ನೆನಪಿಟ್ಟರೆ ಸಾಕು. ಒಂದು ಮೀನಿನ ಎಲುಬಿನ ಹಾಗೆ ಮೈತುಂಬ ರೆಕ್ಕೆ ಇರುವುದು, ಒತ್ತಿದರೆ ರೆಕ್ಕೆ ಮಡಚಿ ಒಳಗೆ ಹೋಗಿ ಅಲ್ಲಿ ಅರಳುತ್ತದೆ. ಇನ್ನೊಂದರಲ್ಲಿ ನಡುವೆ ಸಣ್ಣ ಪಿನ್, ಪಿನ್ ಒತ್ತಿದರೆ ಕಾಲು ಅಗಲವಾಗುತ್ತದೆ. ಇದನ್ನು ತೆಗೆಯುವಾಗ ಮೊದಲು ಪಿನ್. ಕೆಲವದರಲ್ಲಿ ಮೇಲೆ ಎತ್ತಬೇಕು, ಕೆಲವದರಲ್ಲಿ ಇನ್ನೂ ಒಳಗೆ ಒತ್ತಬೇಕು, ಸುತ್ತ ಅಂಚು ನೋಡಿ ಗೊತ್ತಾಗುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಕ್ಲಿಪ್ಪೂ ಹೋಯಿತು, ಪೇಂಟೂ ಹೋಯಿತು. ಕವಲು ಬಾಯಿಯ ಪ್ಲಾಸ್ಟಿಕ್ ಮೀಟುಗೋಲು ಸಿಗುತ್ತದೆ, ಅದು ತಗೊಳ್ಳಿ.

ಹೊಸದು ತರುವಾಗ ಎರಡು ಅಳತೆ ಬೇಕು: ತೂತಿನ ಅಗಲ, ಮತ್ತು ಸೇರಿಸುವ ಪದರಗಳ ಒಟ್ಟು ದಪ್ಪ. ಎರಡನೆಯದನ್ನು ಮರೆತು ಬರೀ ತೂತು ನೋಡಿ ತಂದರೆ ಕ್ಲಿಪ್ ಕೂರುತ್ತದೆ, ಆದರೆ ಗಡಗಡ ಸದ್ದು ನಿಲ್ಲುವುದಿಲ್ಲ. ಗಟ್ಟಿಯಾಗಿ ಹೋಗದಿದ್ದರೆ ಬಿಸಿ ನೀರಲ್ಲಿ ಎರಡು ನಿಮಿಷ ಅದ್ದಿ ಒತ್ತಿ.

ಹೆಜ್ಜೆ 7: ಗ್ಲ್ಯಾಂಡ್

ಕೇಬಲ್ ಪ್ಯಾನಲ್ ಒಳಗೆ ಹೋಗುವ ತೂತಿನಲ್ಲಿ ಕೂರುವ ಪ್ಲಾಸ್ಟಿಕ್ ಗ್ಲ್ಯಾಂಡ್ ಬಗ್ಗೆ ಒಂದೇ ಮಾತು. ಕೇಬಲ್ ದಪ್ಪಕ್ಕೆ ಸರಿಹೊಂದುವ ಸೈಜ್ ಹಾಕಿ, ಒಂದು ಗ್ಲ್ಯಾಂಡಿನಲ್ಲಿ ಒಂದೇ ಕೇಬಲ್. ಎರಡು ತುರುಕಿದರೆ ಮಧ್ಯದ ಸಂದಿಯಿಂದ ಬೇಳೆ ಧೂಳು ಒಳಗೆ ಹೋಗುತ್ತದೆ. ಬಳಸದ ತೂತಿಗೆ ಮುಚ್ಚಳ ಹಾಕಿ. ದಾಲ್ ಮಿಲ್ಲಿನ ಇಲಿಗೆ ಎರಡು ಬೆರಳು ಜಾಗ ಸಾಕು, ಒಳಗೆ ಬಂದರೆ ಟೈ, ವೈರ್, ಗ್ಲ್ಯಾಂಡ್ ಯಾವುದನ್ನೂ ಬಿಡುವುದಿಲ್ಲ.

ಹೆಜ್ಜೆ 8: ಬಾಲ ಎಣಿಸಿ

ಈಗ ಮೊದಲೇ ಹೇಳಿದ ಆ ಮಾತು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನುವ ಸರಕಾರಿ ಗುರುತು, ಸಿಕ್ಕಿತು. ಅದೇ ಬೇಳೆಯಲ್ಲಿ ನಾವು ಕತ್ತರಿಸಿ ಬಿಟ್ಟ ನೈಲಾನ್ ಟ್ಯಾಗಿನ ಬಾಲ ಸಿಕ್ಕರೆ ಹೇಗಿರುತ್ತದೆ ಯೋಚಿಸಿ. ಮಿಲ್ಲಿನಲ್ಲಿ ಮಾಲು ಹೋಗುವ ದಾರಿಯಲ್ಲಿ ಅಯಸ್ಕಾಂತ ಇರುತ್ತದೆ. ಬೋಲ್ಟ್, ಮೊಳೆ ಬಿದ್ದರೆ ಹಿಡಿಯುತ್ತದೆ. ಪ್ಲಾಸ್ಟಿಕ್ ಅದಕ್ಕೆ ಕಾಣುವುದೇ ಇಲ್ಲ. ಮುಂದೆ ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಮಷಿನ್ ಇದ್ದರೆ ಕಪ್ಪು, ನೀಲಿ ಚೂರು ಸುಲಭವಾಗಿ ಸಿಗುತ್ತದೆ, ಹಾಲು ಬಣ್ಣದ ಚೂರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಒಮ್ಮೆ ಕಾಳು ಮೇಲೆತ್ತುವ ಎಲಿವೇಟರಿನ ತಲೆಯ ಹತ್ತಿರ ಸೆನ್ಸರ್ ವೈರ್ ಕಟ್ಟಿ ಕೆಳಗಿಳಿದಾಗ ಮಿಲ್ಲಿನ ಹಿರಿಯ ಹಮಾಲರೊಬ್ಬರು ಅಂಗೈ ಚಾಚಿ ತೋರಿಸಿದರು, ಅದರಲ್ಲಿ ನನ್ನ ಟೈಯ ಮೂರು ಬಾಲ. "ತಮ್ಮಾ, ಇವು ನಿನ್ನವೇನು? ಬ್ಯಾಳಿ ಒಳಗ ಸಿಕ್ಕಾವ." ನನಗೆ ತಲೆ ಎತ್ತಲಾಗಲಿಲ್ಲ.

ಅವತ್ತಿನಿಂದ ಮಾಲು ಹಾಯುವ ಜಾಗದಲ್ಲಿ ನೀಲಿ ಟೈ ಮಾತ್ರ. ನೀಲಿ ಬಣ್ಣದ ಕಾಳು, ಬೇಳೆ ಇಲ್ಲವಲ್ಲ, ಕಣ್ಣಿಗೆ ಬೇಗ ಬೀಳುತ್ತದೆ. ತಿನಿಸಿನ ಕಾರ್ಖಾನೆಗಳಿಗೆ ಅಂತಲೇ ನೈಲಾನಿಗೆ ಲೋಹದ ಪುಡಿ ಬೆರೆಸಿದ ನೀಲಿ ಟೈ ಬರುತ್ತದೆ, ಅದರ ಚೂರನ್ನು ಮೆಟಲ್ ಡಿಟೆಕ್ಟರ್ ಹಿಡಿಯುತ್ತದೆ. ಸಾದಾ ಟೈಗಿಂತ ದುಬಾರಿ. ಸಾವಕಾರರಿಗೆ ಮೊದಲೇ ಹೇಳಿ ಒಪ್ಪಿಸಿ, ಬಿಲ್ಲಿನಲ್ಲಿ ನೋಡಿ ಬೈಯುವುದು ತಪ್ಪುತ್ತದೆ.

ಮಷಿನ್ ನಿಲ್ಲಿಸಿದಾಗ ಮಾತ್ರ ಕೆಲಸ, ಕೆಳಗೆ ತಾಡಪತ್ರಿ ಹಾಸಿ. ಒಂದು ಕೈಯಲ್ಲಿ ಬಾಲ ಹಿಡಿದೇ ಇನ್ನೊಂದು ಕೈಯಲ್ಲಿ ಕತ್ತರಿಸಿ, ಹಿಡಿದ ಬಾಲ ನೇರ ಸೊಂಟದ ಚೀಲಕ್ಕೆ. ಮೇಲೆ ಹತ್ತುವ ಮೊದಲು ಟೈ ಎಣಿಸಿಕೊಳ್ಳಿ. ಮೊನ್ನೆ ಕಪನೂರು ಕಡೆ ಕೆಲಸಕ್ಕೆ 60 ತಗೊಂಡು ಹತ್ತಿದೆ, ಇಳಿದಾಗ 19 ಉಳಿದಿತ್ತು. ಚೀಲದಲ್ಲಿ 41 ಬಾಲ ಇರಬೇಕು. 40 ಇತ್ತು. ಮತ್ತೆ ಹತ್ತಿದೆ. ಮೋಟರ್ ಬೇಸಿನ ಸಂದಿಯಲ್ಲಿ ಸಿಕ್ಕಿತು, ಆಮೇಲೆ ಮಷಿನ್ ಚಾಲೂ ಮಾಡಿಸಿದೆ.